ಸಂಜೆಯ ತೀರ್ಪು

ದಾನೇಶ್ವರಿಯ ಬಲಗೈ ತೋರುಬೆರಳು ಕೆಂಪು ಗುಂಡಿ ಒತ್ತಿ ಒತ್ತಿ ಜಡ್ಡುಗಟ್ಟಿತ್ತು. ಹಸಿರು ಗುಂಡಿಯ ಪಾಲಿಗೆ ಬಂದ ನಡುಬೆರಳು ಮಾತ್ರ ಇನ್ನೂ ಮೆತ್ತಗೇ ಇತ್ತು. ಇಷ್ಟು ವರ್ಷದ ನೌಕರಿಯ ಗಳಿಕೆ ಇದೇ ಎಂದು ಅವಳು ಮೊದಮೊದಲು ಕೈ ನೋಡಿಕೊಂಡು ನಗುತ್ತಿದ್ದಳು. ಈಚೆಗೆ ನಗುವುದಕ್ಕೂ ಬೇಸರ ಬಂದು ಸುಮ್ಮನಾಗಿದ್ದಳು.

ಕೆಂಪು ಎಂದರೆ ಸುಡು, ಹಸಿರು ಎಂದರೆ ಬಿಡು. ಅವಳ ಕೆಲಸದಲ್ಲಿ ಇದಕ್ಕಿಂತ ಹೆಚ್ಚಿನ ಮಾತಿರಲಿಲ್ಲ.

ಆ ಕಾಲಕ್ಕೆ ವಿಜಯಪುರ ಸೀಮೆಯ ದ್ರಾಕ್ಷಿ ತೋಟಗಳಲ್ಲೆಲ್ಲ ಕಂಬಗಳು ಬಂದು ನಿಂತಿದ್ದವು. ಕಾಗದಪತ್ರಗಳಲ್ಲಿ ಅದಕ್ಕೆ ‘ಕ್ಷೇತ್ರಪಾಲ’ ಎಂಬ ಭಾರೀ ಹೆಸರು. ಜನರ ಬಾಯಲ್ಲಿ ಬರೀ ಕಂಬ. ಕಂಬದ ತಲೆಯ ಮೇಲೆ ಸುತ್ತಲೂ ತಿರುಗುವ ಒಂದು ಕ್ಯಾಮೆರಾ, ಅದರ ಪಕ್ಕಕ್ಕೆ ಸೂಜಿಯಷ್ಟು ಸಣ್ಣ ಬೆಳಕು ಹೊರಡುವ ಒಂದು ನಳಿಗೆ. ಎಲೆಯ ಮೇಲೆ ಹುಳ ಕೂತರೆ ಕ್ಯಾಮೆರಾ ನೋಡುತ್ತದೆ, ಒಳಗಿನ ಯಂತ್ರ ಅದು ಯಾರೆಂದು ಲೆಕ್ಕ ಹಾಕುತ್ತದೆ, ಬೆಳೆ ತಿನ್ನುವವನಾದರೆ ಚಿಟ್ ಎಂದು ಒಂದು ಕಿಡಿ. ಹುಳ ಹೋಯಿತು, ಎಲೆಗೆ ಕಲೆಯೂ ಇಲ್ಲ. ಕಂಬ ಬಂದ ಮೇಲೆ ಊರೂರಲ್ಲಿ ವಿಷ, ಜನರ ಮಾತಿನಲ್ಲಿ ಎಣ್ಣೆ, ಹೊಡೆಯುವುದು ಕಡಿಮೆಯಾಯಿತು, ಜೇನು ಮರಳಿ ಬಂತು, ಪಂಪು ಹೊತ್ತವರ ಕಣ್ಣುರಿ ಹೋಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಒಳ್ಳೆಯದಾದದ್ದನ್ನು ಒಳ್ಳೆಯದಾಯಿತೆಂದು ಹೇಳಲೇಬೇಕು.

ತೊಡಕು ಇದ್ದದ್ದು ಬೇರೆ ಕಡೆ. ಆರು ಕಾಲಿದ್ದವರೆಲ್ಲ ಕಳ್ಳರಲ್ಲ. ತೋಟದಲ್ಲಿ ಬೆಳೆ ತಿನ್ನುವ ಹುಳ ಇರುವಂತೆ ಆ ಹುಳವನ್ನೇ ತಿಂದು ಬದುಕುವ ಹುಳವೂ ಇರುತ್ತದೆ, ಅದರ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಕಣಜವೂ ಇರುತ್ತದೆ. ಇವರು ರೈತನ ಮನೆಮಂದಿ ಇದ್ದ ಹಾಗೆ. ಯಂತ್ರಕ್ಕೆ ಬಹಳಷ್ಟು ಹುಳಗಳ ಗುರುತಿತ್ತು. ಗುರುತು ಹತ್ತದ ಹುಳದ ಚಿತ್ರ ಮಾತ್ರ ವಿಜಯಪುರದ ಹೊರವಲಯದ ಒಂದು ಕಟ್ಟಡಕ್ಕೆ ಬರುತ್ತಿತ್ತು. ಅಲ್ಲಿನ ಮೇಲ್ಮಹಡಿಯ ತಣ್ಣನೆಯ ಹಜಾರಕ್ಕೆ ತೀರ್ಪುಮನೆ ಎಂದು ಹೆಸರು. ಕೀಟಶಾಸ್ತ್ರ ಓದಿದ ಒಂದಷ್ಟು ಜನ ಅಲ್ಲಿ ಸಾಲಾಗಿ ಕೂತು, ಬಂದ ಚಿತ್ರ ನೋಡಿ, ಕೆಂಪೋ ಹಸಿರೋ ಒತ್ತುತ್ತಿದ್ದರು. ಒತ್ತಿದ ಪ್ರತಿಯೊಂದು ತೀರ್ಪನ್ನೂ ಯಂತ್ರ ನೆನಪಿಟ್ಟುಕೊಂಡು ಮುಂದಿನ ಸಲಕ್ಕೆ ಕಲಿಯುತ್ತಿತ್ತು. ದಾನೇಶ್ವರಿ ಅಲ್ಲಿನ ಹಿರಿಯ ತೀರ್ಪುಗಾರ್ತಿ.

ತೀರ್ಪುಮನೆಗೆ ಹೊಸದಾಗಿ ಬಂದವರು ಬೇಗನೆ ಒಂದು ಪಾಠ ಕಲಿಯುತ್ತಿದ್ದರು. ಕಳ್ಳನನ್ನು ತಪ್ಪಿ ಬಿಟ್ಟರೆ ಮರುದಿನವೇ ರೈತರ ಫೋನು: “ನಿಮ್ಮ ಕಂಬಕ್ಕ ಕಣ್ಣ ಇಲ್ಲೇನ್ರಿ?” ಮನೆಯವನನ್ನು ತಪ್ಪಿ ಸುಟ್ಟರೆ ಯಾರ ಫೋನೂ ಬರುವುದಿಲ್ಲ. ಸತ್ತ ಕಣಜದ ಪರವಾಗಿ ಜಗಳಕ್ಕೆ ಬರುವವರು ಯಾರಿದ್ದಾರೆ? ಹಾಗಾಗಿ ಅನುಮಾನ ಬಂದಲ್ಲಿ ಬೆರಳು ತಾನಾಗಿ ಕೆಂಪಿನ ಕಡೆ ವಾಲುತ್ತಿತ್ತು.

ಇದರ ಮೇಲೆ ಒಂದು ರೂಢಿ ಬೇರೆ. ಕತ್ತಲಾದ ಮೇಲೆ ಕಂಬಗಳ ಕಣ್ಣು ಮುಚ್ಚುತ್ತಿದ್ದುದರಿಂದ ತೀರ್ಪುಮನೆಗೂ ಹಗಲಿನ ಪಾಳಿ ಒಂದೇ. ಸಂಜೆ ಏಳುವ ಮುಂಚೆ ಮುಂದೆ ಬಿದ್ದ ಚಿತ್ರಗಳನ್ನೆಲ್ಲ ಖಾಲಿ ಮಾಡಿಯೇ ಏಳಬೇಕು. ರಾತ್ರಿಯಿಡೀ ಬಾಕಿ ಬಿಟ್ಟು ಹೋಗುವುದು ಮರ್ಯಾದೆಯಲ್ಲ. ಯಾವ ಮೇಲಧಿಕಾರಿಯೂ ಹಾಗೆಂದು ಹೇಳಿದ್ದಿಲ್ಲ. ಆದರೆ ಅಲ್ಲಿ ಕೂತವರೆಲ್ಲ ದೀಪ ಹಚ್ಚುವುದರೊಳಗೆ ಅಂಗಳ ಗುಡಿಸುವ ಮನೆಗಳಿಂದ ಬಂದವರು. ಈ ಕೆಲಸಕ್ಕೂ ‘ಕಸಾ ಹೊಡಿಯೂದು’ ಎಂದೇ ಹೆಸರಿಟ್ಟುಕೊಂಡಿದ್ದರು. ಹೊತ್ತು ಇಳಿಯಿತೆಂದರೆ ಹಜಾರದ ತುಂಬ ಜೋಳ ಹುರಿದಂತೆ ಗುಂಡಿಗಳ ಸದ್ದು. ಆಗ ಚಿತ್ರವನ್ನು ನೋಡುವುದಕ್ಕಿಂತ ಮುಗಿಸುವುದೇ ಮುಖ್ಯ. ಕಣ್ಣು ಉರಿಯುತ್ತಿರುತ್ತದೆ, ಬೆನ್ನು ಹಿಡಿದಿರುತ್ತದೆ. ಕೆಂಪು, ಕೆಂಪು, ಕೆಂಪು, ನಡುವೆ ಎಲ್ಲೋ ಒಂದು ಹಸಿರು.

ಮುಂದಿನ ಸೋಮವಾರದಿಂದ ಇದೆಲ್ಲ ಮುಗಿಯುವುದಿತ್ತು. ಯಂತ್ರ ಕಲಿತದ್ದು ಸಾಕು, ಇನ್ನು ಯಾರನ್ನೂ ಕೇಳದೆ ತಾನೇ ತೀರ್ಪು ಕೊಡಲಿ, ಬೇರೆ ಜಿಲ್ಲೆಗಳ ಕಂಬಗಳಿಗೂ ಇದೇ ಬುದ್ಧಿಯನ್ನು ತುಂಬಿದರಾಯಿತು ಎಂದು ಮೇಲಿನವರು ತೀರ್ಮಾನಿಸಿದ್ದರು. ತೀರ್ಪುಮನೆಗೆ ಬೀಗ. ದಾನೇಶ್ವರಿ ಮಣ್ಣು ಪರೀಕ್ಷೆಯ ಲ್ಯಾಬಿಗೆ ವರ್ಗ ಕೇಳಿ ಪಡೆದಿದ್ದಳು. ಮಣ್ಣು ಹಾರುವುದಿಲ್ಲ, ಓಡುವುದಿಲ್ಲ, ಇನ್ನೊಬ್ಬರ ವೇಷ ಹಾಕಿಕೊಂಡು ಬರುವುದಿಲ್ಲ. ಆ ಲ್ಯಾಬಿನ ಕಿಟಕಿಯ ಪಕ್ಕದಲ್ಲಿ ಅವಳಿಗೆಂದು ಇಟ್ಟ ಕುರ್ಚಿಯನ್ನು ನೆನೆಸಿಕೊಂಡೇ ಈಚೆಗೆ ದಿನ ನೂಕುತ್ತಿದ್ದಳು.

ಆ ಗುರುವಾರ ಸಂಜೆಯೂ ಎಲ್ಲರಂತೆ ಕಸ ಹೊಡೆಯುತ್ತಿದ್ದಳು. ಬಿಳಿ ಮೇಣದ ಎಳೆಗಳನ್ನು ಹೊದ್ದ ಒಂದು ಸಣ್ಣ ಹುಳ ಪರದೆಗೆ ಬಂತು. ಬೆರಳು ಕೆಂಪು ಒತ್ತಿತು. ಒತ್ತಿದ ಮೇಲೆ ಚಿತ್ರದ ಕೆಳಗಿದ್ದ ಊರಿನ ಹೆಸರು ಕಣ್ಣಿಗೆ ಬಿತ್ತು. ತಿಕೋಟಾ ಆಚೆಗಿನ ಅವಳದೇ ಊರು, ಅವಳದೇ ಮನೆಯ ತೋಟದ ಕಂಬ.

“ಶಮೀಮಾ, ಈಗ ಹೋಗಿದ್ದನ್ನ ತಿರುಗಿ ತರಾಕ ಬರತೈತೇನ?” ಎಂದು ಗಾಬರಿಯಲ್ಲಿ ಕೇಳಿದಳು.

ಪಕ್ಕದ ಕುರ್ಚಿಯ ಶಮೀಮಬಾನು ಅವಳಿಗಿಂತ ಚಿಕ್ಕವಳು, ನಾಲಿಗೆ ಮಾತ್ರ ಚೂಪು. ತನ್ನ ಪರದೆಯಿಂದ ಕಣ್ಣೆತ್ತದೆ ಹೇಳಿದಳು, “ಯಾವುದನ್ನಕ್ಕಾ, ಚಿತ್ರಾನೋ ಹುಳಾನೋ? ಚಿತ್ರ ಬೇಕಾದ್ರ ತಗೋ. ಹುಳ ಹೋತು.”

ಸ್ಕೂಟರಿನಲ್ಲಿ ಊರು ಮುಟ್ಟಿದಾಗ ಗಂಡ ಇರಗೊಂಡ ಅಂಗಳದ ಕಟ್ಟೆಯ ಮೇಲೆ ಒಂದು ದ್ರಾಕ್ಷಿ ಗೊಂಚಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹೆಂಡತಿ ಬಂದದ್ದು ಕಂಡರೂ ಏಳಲಿಲ್ಲ. ಗೊಂಚಲಿನ ನಡುವೆ ಹಿಟ್ಟು ಉದುರಿಸಿದಂತೆ ಬೆಳ್ಳಗಿತ್ತು, ಕಾಯಿಗಳು ಅಂಟಂಟಾಗಿದ್ದವು, ತೊಟ್ಟಿನ ಹತ್ತಿರ ಕಾಡಿಗೆಯಂಥ ಬೂಷ್ಟು.

ಈ ಬಿಳುಪಿಗೆ ಹಿಟ್ಟು ತಿಗಣೆ ಎನ್ನುತ್ತಾರೆ. ಗೊಂಚಲಿನ ಒಳಗೆ ಕೂತು ರಸ ಹೀರುತ್ತದೆ, ಸಿಹಿ ಅಂಟು ಒಸರುತ್ತದೆ, ಆ ಸಿಹಿಯ ಆಸೆಗೆ ಇರುವೆಗಳು ಬಂದು ಅದಕ್ಕೆ ಕಾವಲು ನಿಲ್ಲುತ್ತವೆ. ಇದನ್ನು ತಿನ್ನುವ ಒಂದು ಹುಳವಿದೆ. ನಮ್ಮ ಗುಲಗಂಜಿ ಹುಳದ ನೆಂಟ, ಕರಿ ಬೆನ್ನು, ಕಂದು ತಲೆ. ಬೆಳೆದ ಹುಳವನ್ನು ಯಾರು ಬೇಕಾದರೂ ಗುರುತಿಸಿಯಾರು. ಆದರೆ ಹೆಚ್ಚು ತಿನ್ನುವುದು ಅದರ ಮರಿ, ಮತ್ತು ಆ ಮರಿ ಮೈತುಂಬ ಬಿಳಿ ಮೇಣ ಹೊದ್ದು ಥೇಟು ತಿಗಣೆಯಂತೆಯೇ ಕಾಣುತ್ತದೆ. ಕಾವಲಿನ ಇರುವೆಗಳಿಗೆ ಮೋಸ ಮಾಡುವುದಕ್ಕೆ ಆ ವೇಷ. ಮದುವೆ ಮನೆಯಲ್ಲಿ ಹೊಸ ಅಂಗಿ ತೊಟ್ಟವನನ್ನು ನೀನು ಯಾರ ಕಡೆಯವನು ಎಂದು ಯಾರೂ ಕೇಳದಂತೆ ಅದು ಒಳಗೆ ಹೋಗಿ ಕೂತು ಊಟ ಮುಗಿಸುತ್ತದೆ. ನಡೆಯುವುದನ್ನು ನೋಡಿದರೆ ಗೊತ್ತಾಗುತ್ತದೆ: ತಿಗಣೆ ಕೂತಲ್ಲೇ ಕೂತಿರುತ್ತದೆ, ಮರಿಗೆ ಅವಸರ. ಆದರೆ ಚಿತ್ರ ನಡೆಯುವುದಿಲ್ಲ. ಸಣ್ಣ ಮರಿಯಾದರೆ, ಓದಿದವರೂ ಎರಡು ಸಲ ನೋಡಬೇಕು.

“ಇವತ್ತ ಮುಂಜಾನಿ ಮೂರು ಕುಂಬಳಕಾಯಿ ಮ್ಯಾಲ ಸಾಕಿದ ಮರಿ ಬಿಟ್ಟೆ,” ಎಂದ ಇರಗೊಂಡ. “ಮಧ್ಯಾಹ್ನದತನಕ ಛಲೋ ಓಡಾಡಿದ್ವು. ಕಂಬ ತಿರುಗಿ ನೋಡ್ತು, ಸುಮ್ಮನಾತು. ಹೊತ್ತು ಇಳಿಯೂದ ತಡ, ಚಿಟ್ ಚಿಟ್ ಚಿಟ್ ಅಂತ ಸುರು ಹಚ್ಚಿತು ನೋಡು, ಪಟಾಕ್ಷಿ ಹಾರಿಸಿದಂಗ. ನಾ ಅಲ್ಲೇ ನಿಂತಿದ್ದೆ. ಏನ್ ಮಾಡ್ಲಿ, ಎಷ್ಟಕ್ಕಂತ ಕೈ ಅಡ್ಡ ಹಿಡೀಲಿ?”

ದಾನೇಶ್ವರಿ ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. “ಅದರಾಗ ಒಂದು ನಾನ ಸುಟ್ಟೀನ್ರಿ,” ಎಂದಳು.

ಅವನು ತಲೆಯೆತ್ತಿ ನೋಡಿದ. “ಮತ್ತ ಉಳಿದವು?”

“ಉಳಿದವು ನಮ್ಮತನಕ ಬರಲೇ ಇಲ್ಲ. ಯಂತ್ರ ಯಾರನ್ನೂ ಕೇಳದ ಸುಟ್ಟೈತಿ.”

ಹೇಳುತ್ತಿರುವಾಗಲೇ ಅವಳಿಗೆ ಅದು ವಿಚಿತ್ರವಾಗಿ ಕಂಡಿತು. ಬೆಳಿಗ್ಗೆ ಬಿಟ್ಟ ಹುಳವನ್ನೇ ಸಂಜೆ ಸುಡುವುದೆಂದರೆ ಏನರ್ಥ? ಯಂತ್ರಕ್ಕೆ ಈ ಮರಿಯ ಗುರುತು ಇದೆಯೋ ಇಲ್ಲವೋ? ಇದ್ದರೆ ಸಂಜೆ ಯಾಕೆ ಮರೆಯುತ್ತದೆ? ಆದರೆ ತಲೆ ಅಷ್ಟಕ್ಕೇ ನಿಂತುಹೋಯಿತು. ಬೆಳಗಿನಿಂದ ನೋಡಿದ ಹುಳಗಳೆಲ್ಲ ಕಣ್ಣಿನೊಳಗೆ ಹರಿದಾಡುತ್ತಿದ್ದವು.

ಮನೆಯ ಹಿಂದಿನ ಕೋಣೆಯಲ್ಲಿ ಕೆಂಪು ಕುಂಬಳಕಾಯಿಗಳದೊಂದು ಸಂಸಾರ. ಕಾಯಿಯ ಮೇಲೆ ಮೊದಲು ತಿಗಣೆ ಸಾಕುವುದು, ತಿಗಣೆ ಮೈದುಂಬಿದ ಮೇಲೆ ಗುಲಗಂಜಿಯ ನೆಂಟನನ್ನು ಬಿಡುವುದು, ಅದು ಮೊಟ್ಟೆಯಿಟ್ಟು ಮರಿಯಾದ ಮೇಲೆ ತೋಟಕ್ಕೆ ಒಯ್ಯುವುದು. ಅತ್ತೆ ನಿಂಬೆವ್ವ ಸೊಳ್ಳೆಪರದೆಯ ಬಟ್ಟೆ ಕಟ್ಟಿದ ಕಪಾಟಿನ ಮುಂದೆ ಗೊಣಗುತ್ತ ನಿಂತಿದ್ದಳು. ಮನೆಗೆ ಬಂದ ಕುಂಬಳಕಾಯಿಯಲ್ಲಿ ಒಂದನ್ನೂ ಕಡುಬಿಗೆ ಕೊಡದ ಈ ಸಂಸಾರದ ಮೇಲೆ ಅವಳಿಗೆ ಹಳೆಯ ಸಿಟ್ಟಿತ್ತು. ಆದರೂ ದಿನಾ ನೋಡಿಕೊಳ್ಳುವವಳು ಅವಳೇ.

“ಒಂದ ಕಾಯಿ ಉಳದೈತಿ ದಾನವ್ವಾ,” ಎಂದಳು. “ಇದನ್ನೂ ಸುಡೂದಿದ್ರ ಈಗ ಹೇಳಿಬಿಡು, ಒಲಿಗೆ ಹಾಕ್ತೀನಿ. ಸುಡಾಕಂತ ಅಲ್ಲೀತನಕ ಯಾಕ ಹೊತಗೊಂಡು ಹೋಗಬೇಕು?”

ಊಟಕ್ಕೆ ಕೂತಾಗ ಇರಗೊಂಡ ತಟ್ಟೆಯ ರೊಟ್ಟಿಯನ್ನು ಮುರಿಯುತ್ತ ಮುರಿಯುತ್ತ ಹೇಳಿದ, “ನೀ ಹೇಳಿದಿ ಅಂತ ಎಣ್ಣಿ ಹೊಡಿಯೂದು ಬಿಟ್ಟೆ. ಮಂದಿ ನಕ್ಕರು, ನಗಲಿ ಅಂದೆ. ಈಗ ಗೊನಿ ನೋಡಿದಿ ಅಲಾ? ನಾಳೆ ಮುಂಜಾನಿ ಹೊಡೀತೀನಿ. ಎಣ್ಣಿ ಡಬ್ಬಿ ತಂದಿಟ್ಟೀನಿ.”

“ಹೊಡದ್ರ ಉಳಿದ ಮರೀನೂ ಸಾಯ್ತಾವು. ಕಣಜ, ಜೇನು ಎಲ್ಲಾ ಹೋಗ್ತಾವು. ಇಷ್ಟು ವರ್ಷ ಜ್ವಾಪಾನ ಮಾಡಿದ್ದು ಒಂದ ಮುಂಜಾನ್ಯಾಗ ಮಣ್ಣಾಗತೈತ್ರಿ.”

“ಗೊತ್ತೈತಿ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. “ಆದ್ರ ನನಗ ಸಾಕಾಗೈತಿ. ನಮ್ಮ ಹುಳಾನ ನಮ್ಮ ಕಂಬ ಸುಡೂದನ್ನ ಕೈಕಟ್ಟಿ ನೋಡೂದು ನನ್ನಿಂದ ಆಗೂದಿಲ್ಲ.”

“ನಾಳೆ ಸಂಜಿತನಕ ತಡೀರಿ,” ಎಂದಳು ದಾನೇಶ್ವರಿ. ತಡೆದರೆ ಏನಾದೀತೆಂದು ಅವಳಿಗೂ ಗೊತ್ತಿರಲಿಲ್ಲ.

ಮರುದಿನ ಕೆಲಸಕ್ಕೆ ಹೊರಡುವ ಮೊದಲು ಕುಂಬಳಕಾಯಿಯ ಕೋಣೆಗೆ ಹೋಗಿ, ಓಡಾಡುತ್ತಿದ್ದ ಒಂದು ಮರಿಯನ್ನು ದ್ರಾಕ್ಷಿ ಎಲೆಯ ಮೇಲೆ ಬಿಟ್ಟು, ಹತ್ತಿರದಿಂದ ಅದರ ಚಿತ್ರ ತೆಗೆದಳು. ಇದು ಮರಿಯೇ ಹೌದೆನ್ನುವುದಕ್ಕೆ ಯಾವ ತೀರ್ಪೂ ಬೇಕಿರಲಿಲ್ಲ. ಕಣ್ಣೆದುರಿಗೇ ತಿಗಣೆಯೊಂದನ್ನು ಹಿಡಿದು ತಿನ್ನುತ್ತಿತ್ತು.

ತೀರ್ಪುಮನೆಯಲ್ಲಿ ಯಂತ್ರವನ್ನು ಪರೀಕ್ಷಿಸಲು ಒಂದು ಬೇರೆ ಪರದೆಯಿತ್ತು. ಅಲ್ಲಿ ಚಿತ್ರ ಕೊಟ್ಟರೆ ಯಂತ್ರ ಸುಡದೆ ಬರೀ ತನ್ನ ಅಭಿಪ್ರಾಯ ಹೇಳುತ್ತಿತ್ತು. ದಾನೇಶ್ವರಿ ತನ್ನ ಚಿತ್ರವನ್ನು ಹಾಕಿದಳು. ಯಂತ್ರ ತಡವಿಲ್ಲದೆ ಹಸಿರು ತೋರಿಸಿತು: ಮಿತ್ರಕೀಟದ ಮರಿ.

“ಸರಿಯಾಗೇ ಹೇಳಾಕತ್ತೈತಲ್ಲಕ್ಕಾ,” ಎಂದಳು ಇರಗೊಂಡ ಕಂಡದ್ದನ್ನೆಲ್ಲ ಆಗಲೇ ಕೇಳಿಕೊಂಡು ಹಿಂದೆ ಬಂದು ನಿಂತಿದ್ದ ಶಮೀಮ. “ನಿಮ್ಮ ಯಜಮಾನರ ಕಣ್ಣ ಮಂಜಾಗ್ಯಾವೇನೋ.”

ಚಿತ್ರದ ಜೊತೆಗೆ ಊರು, ಬಿಸಿಲು, ಹೊತ್ತು ಎಂದು ಕೆಲವು ವಿವರಗಳಿದ್ದವು. ದಾನೇಶ್ವರಿ ಹೊತ್ತು ಎಂಬಲ್ಲಿ ಬೆಳಿಗ್ಗೆಯನ್ನು ಅಳಿಸಿ ಸಂಜೆ ಎಂದು ತುಂಬಿದಳು. ಬೇರೆ ಏನನ್ನೂ ಮುಟ್ಟಲಿಲ್ಲ. ಅದೇ ಎಲೆ, ಅದೇ ಬೆಳಕು, ಅದೇ ಹುಳ.

ಕೆಂಪು.

ದಾನೇಶ್ವರಿ ಮತ್ತೆ ಬೆಳಿಗ್ಗೆ ಮಾಡಿದಳು, ಹಸಿರು. ಸಂಜೆ ಮಾಡಿದಳು, ಕೆಂಪು. ಶಮೀಮ ತಡೆಯಲಾರದೆ ತನ್ನ ಬಳಿಯಿದ್ದ ಕಣಜದ ಚಿತ್ರ ಕೊಟ್ಟಳು, ಆಮೇಲೆ ಜೇಡದ್ದು, ಹೂನೊಣದ್ದು. ಸ್ವಲ್ಪವಾದರೂ ಅನುಮಾನಕ್ಕೆ ಎಡೆಯಿದ್ದ ಪ್ರತಿ ಹುಳದ ಗತಿಯೂ ಅದೇ ಆಯಿತು.

“ಅಲ್ಲಕ್ಕಾ, ಮುಂಜಾನಿ ಬಂದ್ರ ಬೀಗರು, ಸಂಜಿ ಬಂದ್ರ ಕಳ್ಳರು?” ಎಂದಳು ಶಮೀಮ. ತಮಾಷೆಗೆ ಹೇಳಹೊರಟದ್ದು ಬಾಯಿಂದ ಬರುವಷ್ಟರಲ್ಲಿ ತಮಾಷೆಯಾಗಿ ಉಳಿಯಲಿಲ್ಲ.

ದಾನೇಶ್ವರಿಗೆ ಸಂಜೆಯ ಹೊತ್ತಿನ ಹಜಾರ, ಗುಂಡಿಗಳ ಸದ್ದು, ಉರಿಯುವ ಕಣ್ಣುಗಳು, ಬೇಗ ಮುಗಿಸಿ ಏಳುವ ಆತುರ ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಯಂತ್ರಕ್ಕೆ ಯಾರೂ ಸುಳ್ಳು ಕಲಿಸಿರಲಿಲ್ಲ. ತೀರ್ಪುಮನೆಯವರು ಏನು ಮಾಡಿದರೋ ಅದನ್ನೇ ಚಾಚೂ ತಪ್ಪದೆ ಕಲಿತಿತ್ತು. ಹಗಲು ಹುಳ ನೋಡಿ ತೀರ್ಪು ಕೊಡು, ಸಂಜೆ ಗಡಿಯಾರ ನೋಡಿ ತೀರ್ಪು ಕೊಡು.

ಯಂತ್ರ ವಿಭಾಗದ ಮುಖ್ಯಸ್ಥ ಗುರುನಾಥ ಜಹಾಗೀರದಾರ ಕೆಟ್ಟ ಮನುಷ್ಯನಲ್ಲ. ಸೋಮವಾರದ ಸಮಾರಂಭಕ್ಕೆ ಶಾಲು, ಹಾರ, ಊಟದ ಏರ್ಪಾಡಿನ ಫೋನುಗಳಲ್ಲಿ ಬಸವಳಿದಿದ್ದ ಅವನು, ದಾನೇಶ್ವರಿ ತೋರಿಸಿದ್ದನ್ನು ಎರಡು ಸಲ ತಾನೇ ಮಾಡಿ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಹೊತ್ತನ್ನ ಸೇರಿಸಿದಾಂವ ನಾನ,” ಎಂದ. “ಹುಳಕ್ಕೂ ಒಂದು ವ್ಯಾಳ್ಯಾ ಅಂತ ಇರ್ತದ ನೋಡ್ರಿ. ಕೆಲವು ಮುಂಜಾನೆ ಹಾರ್ತಾವ, ಕೆಲವು ಸಂಜಿಗೆ. ಗುರುತು ಹಿಡಿಲಿಕ್ಕೆ ಅನುಕೂಲ ಆಗಲಿ ಅಂತ ಹಾಕಿದ್ದೆ.”

“ಅದು ಹುಳದ ವ್ಯಾಳ್ಯಾ ಕಲೀಲಿಲ್ಲ ಸರ. ನಮ್ಮ ವ್ಯಾಳ್ಯಾ ಕಲೀತು,” ಎಂದಳು ದಾನೇಶ್ವರಿ. “ಅದಕ್ಕ ದಣಿವು ಅಂತ ಇಲ್ಲ. ಆದ್ರ ನಮ್ಮ ದಣಿವು ಅದಕ್ಕ ಬಾಯಿಪಾಠ ಆಗೈತಿ.”

ಬರೀ ಹೊತ್ತನ್ನು ಕಿತ್ತು ಹಾಕಿದರೆ ಸಾಲದೆಂದು ಇಬ್ಬರಿಗೂ ಗೊತ್ತಿತ್ತು. ಹೊತ್ತು ತೆಗೆದರೆ ಸಂಜೆಯ ಆ ಕೆಂಪೆಲ್ಲ ಇಡೀ ದಿನಕ್ಕೆ ಹರಡುತ್ತದೆ. ಬೆಳಿಗ್ಗೆಯೂ ಯಂತ್ರ ಅರೆಮನಸ್ಸಿನಲ್ಲಿ ಸುಡತೊಡಗುತ್ತದೆ. ಸಂಜೆಯ ತೀರ್ಪುಗಳನ್ನೇ ತೆಗೆದುಹಾಕಬೇಕು. ಅವು ಸಣ್ಣ ಪಾಲಲ್ಲ. ಕಠಿಣವಾದ ಚಿತ್ರಗಳೆಲ್ಲ ಹೆಚ್ಚಾಗಿ ಬರುತ್ತಿದ್ದದ್ದೇ ಬೆಳಕು ಇಳಿದ ಸಂಜೆಯ ಹೊತ್ತಿನಲ್ಲಿ.

“ಅಷ್ಟೂ ತಗದ್ರ ಯಂತ್ರ ಕೂಸು ಆಗ್ತದ ಮೇಡಂ. ಮತ್ತ ಯಾರು ಕಲಸೋರು? ಆ ಚಿತ್ರಾ ಎಲ್ಲಾ ಮೊದಲಿಂದ ಯಾರು ನೋಡೋರು?”

ಉತ್ತರ ಅವಳಿಗೆ ಗೊತ್ತಿತ್ತು. ಸುಮ್ಮನಿದ್ದರೆ ಸೋಮವಾರ ಮಣ್ಣಿನ ಲ್ಯಾಬು, ಕಿಟಕಿಯ ಪಕ್ಕದ ಕುರ್ಚಿ. ಹೇಳಿದರೆ ಮತ್ತೆ ಇದೇ ಪರದೆ, ಇದೇ ಉರಿ, ಇನ್ನೆಷ್ಟು ವರ್ಷವೋ. ಈ ಹುಳಗಳ ಋಣವನ್ನು ತಾನೇನು ಹೊತ್ತಿದ್ದೇನೆಯೇ ಎಂದು ಒಂದು ಗಳಿಗೆ ನಿಜವಾಗಿಯೂ ರೇಗಿತು. ತೊಡೆಯ ಮೇಲೆ ಗೊಂಚಲು ಇಟ್ಟುಕೊಂಡು ಕೂತ ಗಂಡನ ಮುಖ ಕಣ್ಣಮುಂದೆ ಬಂತು. ಬೇರೆ ಜಿಲ್ಲೆಗಳ ಕಂಬಗಳೂ ಸಂಜೆಯಾದೊಡನೆ ಚಿಟ್ ಚಿಟ್ ಎನ್ನುವುದು ಕೇಳಿದಂತಾಯಿತು.

“ನಾವ,” ಎಂದಳು. ಹೇಳಿದ ಮೇಲೆ ಅಳು ಬಂತು. ಅತ್ತಳು ಕೂಡ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಜಹಾಗೀರದಾರ ನೀರಿನ ಲೋಟ ಅವಳ ಕಡೆ ಸರಿಸಿ, ಸಮಾರಂಭದ ಊಟದವನಿಗೆ ಫೋನು ಹಚ್ಚಿ ಸದ್ಯಕ್ಕೆ ಬೇಡವೆಂದ.

ಕಣ್ಣೊರೆಸಿಕೊಂಡು ಅವಳು ಇನ್ನೊಂದು ಮಾತು ಹೇಳಿದಳು. “ನಮ್ಮ ಮುಂದ ಎರಡ ಗುಂಡಿ ಸರ. ಸುಡು, ಇಲ್ಲಾ ಬಿಡು. ಗೊತ್ತಿಲ್ಲ ಅನ್ನಾಕ ಜಾಗಾನ ಇಲ್ಲ. ಮೂರನೇದ್ದು ಒಂದು ಬೇಕು. ಗೊತ್ತಿಲ್ಲ ಅಂತ ಒತ್ತಿದ್ರ ಕಂಬ ಸುಡಬಾರದು, ಆ ಹುಳಾನ ಮತ್ತ ನೋಡಬೇಕು.”

“ಗೊತ್ತಿಲ್ಲ ಅನ್ನೋ ಯಂತ್ರಾನ ಯಾರು ತಗೋತಾರ್ರೀ?”

“ಗೊತ್ತಿಲ್ಲದ ಸುಡೂ ಯಂತ್ರಾನ ಮಂದಿ ತಗೊಂಡಾರಲಾ ಸರ.”

ಅವನಿಗೆ ನಗು ಬಂತು, ಸುಸ್ತಾದವರಿಗೆ ಬರುವಂಥ ನಗು. ಕೊನೆಗೆ ಒಂದು ಏರ್ಪಾಡು ಮಾಡಿದ. ಇಡೀ ಜಿಲ್ಲೆಗೆ ಆಗಲಿಕ್ಕಿಲ್ಲ. ಇವತ್ತೊಂದು ಸಂಜೆ ದಾನೇಶ್ವರಿಯ ಊರಿನ ಕಂಬಗಳಿಗೆ ಮಾತ್ರ ಸಂಜೆಯ ತೀರ್ಪುಗಳನ್ನು ಮರೆಸಿ, ಖಾತ್ರಿಯಿಲ್ಲದ ಕಡೆ ಸುಮ್ಮನಿರುವಂತೆ ಹೇಳುತ್ತೇನೆ, ನೋಡೋಣ ಎಂದ. “ಆದ್ರ ನೆನಪಿಡ್ರಿ, ಬೆಳಕು ಕಡಿಮಿ ಆದಂಗ ಅದು ತಿಗಣಿನೂ ಬಿಡ್ತದ. ನಿಮ್ಮೂರಿನವರು ಬಂದು ನಿಮ್ಮನ್ನ ಕೇಳ್ತಾರ.”

ತೀರ್ಪುಮನೆಗೆ ಸದ್ಯಕ್ಕೆ ಬೀಗವಿಲ್ಲವೆಂಬ ಸುದ್ದಿ ಕೇಳಿ ಹಜಾರದಲ್ಲಿ ಯಾರೂ ಅವಳಿಗೆ ಹಾರ ಹಾಕಲಿಲ್ಲ. ಸಾಮಾನು ಕಟ್ಟಿಟ್ಟವರಿದ್ದರು, ಹೊಸ ಕೆಲಸಕ್ಕೆ ದಿನ ಗೊತ್ತು ಮಾಡಿಕೊಂಡವರಿದ್ದರು. ಒಬ್ಬ ಕುರ್ಚಿ ದೂಡಿ ಎದ್ದುಹೋದ. ಶಮೀಮಬಾನು ಹೇಳಿದಳು, “ನನ್ನ ಮಗಳು ಹಗಲ್ಹೊತ್ತು ನನ್ನ ಮುಖ ನೋಡಿ ಎಷ್ಟ ದಿವಸ ಆತೋ. ಸೋಮವಾರದಿಂದ ಆಕೀನ ಸಾಲಿಗೆ ನಾನ ಬಿಡ್ತೀನಿ ಅಂತ ಮಾತು ಕೊಟ್ಟಿದ್ದೆ. ನೀ ಯಾಕ ಹೊತ್ತ ಬದಲಿ ಮಾಡಿ ನೋಡಿದೆಕ್ಕಾ? ನೋಡಬಾರದಿತ್ತು.”

“ಹೌದವ್ವಾ, ನೋಡಬಾರದಿತ್ತು,” ಎಂದಳು ದಾನೇಶ್ವರಿ.

ಅನುಮತಿ ಕೇಳಿ ಹೊತ್ತಿರುವಾಗಲೇ ಊರಿಗೆ ಹೊರಟಳು. ತೋಟದ ಬದುವಿನಲ್ಲಿ ಎಣ್ಣೆ ಹೊಡೆಯುವ ಪಂಪನ್ನು ಟ್ರ್ಯಾಕ್ಟರಿಗೆ ಕಟ್ಟಿ ನಿಲ್ಲಿಸಿತ್ತು, ಹತ್ತಿರದಲ್ಲಿ ಇನ್ನೂ ಸೀಲು ಒಡೆಯದ ಡಬ್ಬಿ. ಇರಗೊಂಡ ಸಿದ್ಧನಾಗಿದ್ದ. ಮಾತಿಗೆ ತಪ್ಪುವವನಲ್ಲ, ಸಂಜೆಯವರೆಗೆ ಎಂದರೆ ಸಂಜೆಯವರೆಗೇ.

ದಾನೇಶ್ವರಿ ಆದದ್ದನ್ನೆಲ್ಲ ಹೇಳಿದಳು. ಕಂಬ ಇವತ್ತು ಗೊತ್ತಿದ್ದದ್ದನ್ನು ಮಾತ್ರ ಸುಡುತ್ತದೆ, ಗೊತ್ತಿಲ್ಲದ್ದನ್ನು ಬಿಡುತ್ತದೆ. ತಿಗಣೆ ಉಳಿದರೂ ಗಾಬರಿಯಾಗಬೇಡಿ, ಮರಿಗಳು ಉಳಿದರೆ ತಿಗಣೆಯನ್ನು ಅವೇ ನೋಡಿಕೊಳ್ಳುತ್ತವೆ ಎಂದಳು. ಅವನು ಕೇಳಿಸಿಕೊಂಡ, ಪಂಪನ್ನು ಮಾತ್ರ ಬಿಚ್ಚಲಿಲ್ಲ. ನಿಂಬೆವ್ವ ಕೊನೆಯ ಕುಂಬಳಕಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಳು. ಮೂವರೂ ಸೇರಿ ಮರಿಗಳನ್ನು ಮೆತ್ತನೆಯ ಕುಂಚದಿಂದ ಒಂದೊಂದಾಗಿ ಗೊಂಚಲುಗಳ ಮೇಲೆ ಬಿಟ್ಟರು. ನಿಂಬೆವ್ವ ಗೊಣಗಲಿಲ್ಲ.

ಹೊತ್ತು ಇಳಿಯತೊಡಗಿತು. ಎಲೆಗಳ ಹಸಿರು ಮಂಕಾಯಿತು. ಕಂಬದ ಕ್ಯಾಮೆರಾ ಒಂದು ಸುತ್ತು ತಿರುಗಿ ಅವರ ಮುಂದಿನ ಬಳ್ಳಿಯ ಕಡೆ ಬಂದು ನಿಂತಿತು. ಎಲ್ಲೋ ದೂರದ ಸಾಲಿನಲ್ಲಿ ಚಿಟ್ ಎಂದಿತು, ಇರಗೊಂಡ ಬೆಚ್ಚಿ ಆ ಕಡೆ ನೋಡಿದ. ಅದೊಂದು ಎಲೆ ತಿನ್ನುವ ಕೀಡೆ. ಇಲ್ಲಿ, ಮುಂದಿನ ಗೊಂಚಲಿನ ಮೇಲೆ, ಬಿಳಿಯದೊಂದು ಕೂತಿತ್ತು. ಕ್ಯಾಮೆರಾ ಅದನ್ನು ನೋಡಿತು. ಇನ್ನೂ ನೋಡಿತು. ಆಮೇಲೆ ನಿಧಾನವಾಗಿ ಮುಂದಿನ ಬಳ್ಳಿಗೆ ತಿರುಗಿಕೊಂಡಿತು.

“ಬಿಡ್ತು,” ಎಂದಳು ನಿಂಬೆವ್ವ, ಯಾರೋ ಕೇಳಿಸಿಕೊಂಡಾರೆಂಬಂತೆ ಮೆಲ್ಲಗೆ.

ಇರಗೊಂಡ ಬಗ್ಗಿ ಆ ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿದ. ಬಿಳಿಯದು ಅಲ್ಲಾಡಲಿಲ್ಲ. ಒತ್ತಿನಲ್ಲೇ ಇನ್ನೊಂದಿತ್ತು, ಅದೂ ಹಾಗೆಯೇ. ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ. “ಇದು ಯಾವುದು? ನಾವು ಬಿಟ್ಟಿದ್ದೋ, ಮೊದಲ ಇದ್ದದ್ದೋ?”

ದಾನೇಶ್ವರಿ ಕನ್ನಡಕ ಏರಿಸಿಕೊಂಡು ಹತ್ತಿರ ಬಾಗಿದಳು. ಮೇಣದ ಎಳೆ ಕಂಡಿತು, ಅದರಡಿಯ ಮೈ ಕಾಣಲಿಲ್ಲ. ಕಾಲು ಕಂಡಂತಾಯಿತು, ಮರುಗಳಿಗೆ ಇಲ್ಲವೆನಿಸಿತು. ಕಣ್ಣು ಉರಿಯುತ್ತಿತ್ತು. ಇದೇ ಹೊತ್ತಿನಲ್ಲಿ, ಇದಕ್ಕಿಂತ ಕಡಿಮೆ ನೋಡಿ, ಎಷ್ಟು ಸಾವಿರ ಸಲ ತೀರ್ಪು ಕೊಟ್ಟು ಎದ್ದು ಮನೆಗೆ ಬಂದಿದ್ದಳೋ. ಗಂಡ ಕಾಯುತ್ತಿದ್ದ. ಅವನ ಹಿಂದೆ, ಬದುವಿನ ಮೇಲೆ, ಟ್ರ್ಯಾಕ್ಟರೂ ಡಬ್ಬಿಯೂ ಕಾಯುತ್ತಿದ್ದವು. ನಮ್ಮದೇ ಎಂದು ಸುಳ್ಳು ಹೇಳಿದರೆ ಅವನು ನಂಬುತ್ತಿದ್ದ, ಇಷ್ಟು ವರ್ಷ ನಂಬಿದ ಹಾಗೆ.

“ನನಗ ತಿಳೀವಲ್ದುರಿ,” ಎಂದಳು.

ಇರಗೊಂಡ ಅವಳ ಮುಖವನ್ನೇ ನೋಡಿದ. ಮದುವೆಯಾಗಿ ಬಂದಂದಿನಿಂದ ಯಾವ ಹುಳ ತೋರಿಸಿದರೂ ಹೆಸರು, ಕುಲ, ಗೋತ್ರ ಸಮೇತ ಹೇಳಿದವಳು ಅವಳು. ತಿಳಿಯದು ಎಂಬ ಮಾತು ಅವಳ ಬಾಯಿಂದ ಅವನು ಕೇಳಿದ್ದು ಅದೇ ಮೊದಲು.

“ತಿಳೀವಲ್ದು?”

“ಬೆಳಕಿಲ್ಲ. ನಾನೂ ದಣಿದೀನಿ. ಮುಂಜಾನಿ ನೋಡೂಣ್ರಿ.”

ಅವನು ಗೊಂಚಲನ್ನು ಅಲುಗದಂತೆ, ಮೊದಲು ಹೇಗಿತ್ತೋ ಹಾಗೆಯೇ ಎಲೆಗಳ ನಡುವೆ ಬಿಟ್ಟ. ಬದುವಿನ ಕಡೆ ನಡೆದುಹೋಗಿ, ಟ್ರ್ಯಾಕ್ಟರಿನಿಂದ ಪಂಪಿನ ಕೊಂಡಿಯನ್ನು ಬಿಚ್ಚತೊಡಗಿದ.